ಕಾಲಿಲ್ಲದ ಓಟ

ಐದನೇ ಇಯತ್ತೆಗೆ ಬಂದ ಮೇಲೆ ಇಂಗ್ಲಿಷ್ ಅಕ್ಷರ ಕಂಡ ಕನ್ನಡ ಶಾಲೆಯ ಪೀಳಿಗೆ ನಮ್ಮದು. ಕಮ್ ಅಂದರೆ ಬಾ, ಗೋ ಅಂದರೆ ಹೋಗು, ರನ್ ಅಂದರೆ ಓಡು. ಪುಸ್ತಕದಲ್ಲಿ ರನ್ ಪಕ್ಕ ಚಡ್ಡಿ ತೊಟ್ಟ ಹುಡುಗನ ಚಿತ್ರ. ಒಂದು ಕಾಲು ಮುಂದೆ, ಒಂದು ಹಿಂದೆ. ಆ ಹುಡುಗ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ನೆಲೆ ನಿಂತಿದ್ದಾನೆಂದರೆ, ಪತ್ರಿಕೋದ್ಯಮ ಓದಿ ಡೆಸ್ಕಿಗೆ ಬರುವ ಮಕ್ಕಳು ಇವತ್ತಿಗೂ ಪಿಟಿಐ ಕಾಪಿಯಲ್ಲಿ ರನ್ ಕಂಡ ಕೂಡಲೇ ಯಾರನ್ನಾದರೂ ಓಡಿಸದೆ ಬಿಡುವುದಿಲ್ಲ.

ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ರಾತ್ರಿಪಾಳಿ ನನ್ನ ಕೆಲಸ. ದೇಶ-ವಿದೇಶ ಪುಟಕ್ಕೆ ಬರುವ ಸುದ್ದಿಯೆಲ್ಲ ಇಂಗ್ಲಿಷಿನಲ್ಲಿ. ಬೆಳಗಾಗುವುದರೊಳಗೆ ಅದು ಕನ್ನಡವಾಗಿ ಮನೆಮನೆಯ ಬಾಗಿಲಿಗೆ ಬೀಳಬೇಕು. ಒಂದೇ ಪಾಳಿಯಲ್ಲಿ ಈ ಪದ ಎಷ್ಟು ರೂಪದಲ್ಲಿ ಬರುತ್ತದೆ ನೋಡಿ. ಮಂತ್ರಿಯೊಬ್ಬರಿಗೆ ಜ್ವರ ರನ್ ಆಗುತ್ತಿರುತ್ತದೆ. ಎರಡು ದೇಶಗಳ ಗಡಿ ಬೆಟ್ಟಸಾಲಿನ ಗುಂಟ ರನ್ ಆಗುತ್ತದೆ. ಆಸ್ಪತ್ರೆಯೊಂದರಲ್ಲಿ ಆಮ್ಲಜನಕ ರನ್ ಔಟ್. ಲಾರಿ ಯಾರನ್ನೋ ರನ್ ಓವರ್ ಮಾಡಿದೆ. ಟೀವಿ ವಾಹಿನಿ ಸುದ್ದಿಯೊಂದನ್ನು ರನ್ ಮಾಡಿದೆ, ಬಂಡುಕೋರರು ಬಂದೂಕು ರನ್ ಮಾಡಿದ್ದಾರೆ. ಕನ್ನಡದಲ್ಲಿ ಮಂತ್ರಿಗೆ ಜ್ವರ ಬಂದಿದೆ, ಗಡಿ ಬೆಟ್ಟದ ಗುಂಟ ಹಾದಿದೆ, ಆಮ್ಲಜನಕ ತೀರಿದೆ, ಲಾರಿ ಹರಿದಿದೆ, ವಾಹಿನಿ ಬಿತ್ತರಿಸಿದೆ, ಬಂದೂಕು ಕಳ್ಳದಾರಿಯಲ್ಲಿ ಸಾಗಿದೆ. ಆರು ಕಡೆ ಆರು ಕ್ರಿಯಾಪದ. ಒಂದರಲ್ಲೂ ಓಡು ಇಲ್ಲ.

ಇದು ಕನ್ನಡದ ಬಡತನವೋ ಇಂಗ್ಲಿಷಿನ ಸಿರಿವಂತಿಕೆಯೋ ಎಂದು ಹೊಸಬರು ಕೇಳುತ್ತಾರೆ. ಎರಡೂ ಅಲ್ಲ ಎಂಬುದನ್ನು ತೋರಿಸಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ರನ್ ಎಂಬ ಕ್ರಿಯಾಪದದ ಪಾಳಿ ಬಂದಾಗ ಅದು ಪೀಟರ್ ಗಿಲಿವರ್ ಎಂಬ ಸಂಪಾದಕರ ಪಾಲಿಗೆ ಬಂತು. ಈ ಒಂದೇ ಪದಕ್ಕೆ ಅವರು ಒಂಬತ್ತು ತಿಂಗಳು ಕೂತರು. 2011ರಲ್ಲಿ ಲೆಕ್ಕ ಹೊರಬಿದ್ದಾಗ ಕ್ರಿಯಾಪದವಾಗಿ ರನ್ನಿಗೆ 645 ಅರ್ಥಗಳಿದ್ದವು. ಅಲ್ಲಿಯವರೆಗೆ ಮುಂಚೂಣಿಯಲ್ಲಿದ್ದದ್ದು ಸೆಟ್ ಎಂಬ ಪದ. 1989ರ ಎರಡನೇ ಆವೃತ್ತಿಯಲ್ಲಿ ಅದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದರು.

645 ಅಂದಕೂಡಲೇ ಕಲಿಯುವವರಿಗೆ ಎದೆ ಧಸಕ್ಕೆನ್ನುತ್ತದೆ. ಆ ನಿಘಂಟು ಹುಟ್ಟಿದ ಬಗೆ ಗೊತ್ತಿದ್ದರೆ ಅಷ್ಟು ಅಂಜಿಕೆ ಬೇಡ. ಜೇಮ್ಸ್ ಮರ್ರೆ 1879ರಲ್ಲಿ ಅದರ ಸಂಪಾದಕರಾಗಿ ಕೆಲಸ ಹಿಡಿದಾಗ ಹತ್ತು ವರ್ಷದಲ್ಲಿ ಮುಗಿಯುತ್ತದೆ ಎಂಬ ಅಂದಾಜಿತ್ತು. 1884ರಲ್ಲಿ ಮೊದಲ ಕಂತು ಅಚ್ಚಾದಾಗ ಅವರು ಎ ಅಕ್ಷರದಿಂದ ಆ್ಯಂಟ್ ಎಂಬ ಪದದವರೆಗಷ್ಟೇ ಬಂದಿದ್ದರು. ಆಕ್ಸ್‌ಫರ್ಡಿನ ಬ್ಯಾನ್‌ಬರಿ ರಸ್ತೆಯ ಮನೆಯ ಹಿತ್ತಲಲ್ಲಿ ತಗಡಿನದೊಂದು ಶೆಡ್ಡು ಕಟ್ಟಿಸಿಕೊಂಡು, ಗೋಡೆ ತುಂಬ ಗೂಡುಗಳನ್ನು ಮಾಡಿಸಿ, ಊರೂರಿನಿಂದ ಓದುಗರು ಬರೆದು ಕಳಿಸುತ್ತಿದ್ದ ಚೀಟಿಗಳನ್ನು ಅದರಲ್ಲಿ ವಿಂಗಡಿಸಿ ಇಡುತ್ತಿದ್ದರು. ಒಂದೊಂದು ಚೀಟಿಯಲ್ಲಿ ಒಂದು ಪದ, ಅದು ಬಂದ ವಾಕ್ಯ, ಪುಸ್ತಕದ ಹೆಸರು, ಇಸವಿ. 1915ರಲ್ಲಿ ಮರ್ರೆ ತೀರಿಕೊಂಡರು. ಕೊನೆಯ ಕಂತು ಬಂದದ್ದು 1928ರಲ್ಲಿ. ನಮ್ಮ ರನ್ ಬರುವ ಆರ್ ಅಕ್ಷರದ ಹೊಣೆ ಹೊತ್ತವರು ವಿಲಿಯಂ ಕ್ರೇಗಿ. ಅಂದರೆ ನಿಘಂಟಿನ ಅರ್ಥಗಳು ಪಂಡಿತರು ಕೂತು ಕಲ್ಪಿಸಿದವಲ್ಲ. ಜನ ಬಳಸಿದ ವಾಕ್ಯಗಳನ್ನು ಪಕ್ಕಪಕ್ಕ ಹರವಿ, ಇವು ಒಂದು ಜಾತಿ, ಇವು ಬೇರೆ ಎಂದು ಗುಡ್ಡೆ ಹಾಕಿದವು. ಗುಡ್ಡೆ 645 ಆದವು ಅಷ್ಟೆ. ಇಂಗ್ಲಿಷನ್ನು ಮನೆಮಾತಾಗಿ ಆಡುವ ಯಾರ ತಲೆಯಲ್ಲೂ ಈ ಗುಡ್ಡೆಗಳು ಬೇರೆಬೇರೆಯಾಗಿ ಕೂತಿರುವುದಿಲ್ಲ. ಪಕ್ಕದ ಪದ ಅವರಿಗೆ ದಾರಿ ತೋರಿಸುತ್ತದೆ: ಮೂಗು ರನ್ ಆದರೆ ಸೋರುವುದು, ಹೋಟೆಲು ರನ್ ಮಾಡಿದರೆ ನಡೆಸುವುದು, ತೊಳೆದ ಸೀರೆಯ ಬಣ್ಣ ರನ್ ಆದರೆ ಬಿಡುವುದು. ಅದಕ್ಕೆ ನಾನು ಹೊಸಬರಿಗೆ ಹೇಳುವುದಿಷ್ಟೆ. ರನ್ ಕಂಡಾಗ ನಿಘಂಟು ತೆರೆಯುವ ಮೊದಲು ಅದರ ಎಡಬಲಕ್ಕೆ ಯಾರಿದ್ದಾರೆ ನೋಡಿ.

ಈ ಎಲ್ಲ ಗುಡ್ಡೆಗಳ ತಳದಲ್ಲಿ ಏನಾದರೂ ಇದೆಯೇ? ಇದೆ, ಮತ್ತು ಅದು ಚಡ್ಡಿ ತೊಟ್ಟ ಹುಡುಗನಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಪದ ರಿನ್ನನ್ ಎಂದಿತ್ತು. ಆಗಲೇ ಅದಕ್ಕೆ ಎರಡು ಅರ್ಥ, ಮನುಷ್ಯ-ಪ್ರಾಣಿ ಓಡುವುದು ಮತ್ತು ನೀರು ಹರಿಯುವುದು. ಅದರ ದಾಯಾದಿ ಭಾಷೆ ಜರ್ಮನ್ ಇವೆರಡನ್ನೂ ಬೇರೆ ಮಾಡಿಕೊಂಡಿದೆ. ಓಡುವುದಕ್ಕೆ ರೆನ್ನೆನ್, ನೀರು ಇಳಿದು ಹರಿಯುವುದಕ್ಕೆ ರಿನ್ನೆನ್. ಇಂಗ್ಲಿಷ್ ಎರಡನ್ನೂ ಒಂದರಲ್ಲೇ ಇಟ್ಟುಕೊಂಡಿತು. ತುಂಡಾಗದೆ, ನಡುವೆ ನಿಲ್ಲದೆ ಮುಂದಕ್ಕೆ ಸಾಗುವುದು ಯಾವುದಿದ್ದರೂ ಅದಕ್ಕೆ ರನ್ ಒಗ್ಗಿತು. ಗಡಿ ಬೆಟ್ಟದ ಗುಂಟ ಹೋಗುವುದು, ಒಂದು ನಾಟಕ ದಿನದಿಂದ ದಿನಕ್ಕೆ ನಡೆಯುವುದು, ಬೋಳುತಲೆ ಅಪ್ಪನಿಂದ ಮಗನಿಗೆ ಬರುವುದು, ಎಲ್ಲವೂ ಈ ಹರಿವಿನ ಲೆಕ್ಕಕ್ಕೇ ಸೇರಿದವು. ಆಮೇಲೆ ಯಂತ್ರಗಳ ಕಾಲ ಬಂತು. ಹಬೆಯ ಎಂಜಿನ್, ಮಗ್ಗ, ಗಡಿಯಾರ, ರೈಲು, ಕೊನೆಗೆ ಕಂಪ್ಯೂಟರು. ದಣಿಯದೆ, ನಿಲ್ಲದೆ ನಡೆಯುವ ಈ ಹೊಸ ವಸ್ತುಗಳಿಗೆಲ್ಲ ಇಂಗ್ಲಿಷ್ ಅದೇ ಕ್ರಿಯಾಪದ ಕೊಟ್ಟಿತು. ರನ್ ಸೆಟ್ಟನ್ನು ಹಿಂದೆ ಹಾಕಿದ್ದು ಯಂತ್ರಯುಗದಿಂದ ಎಂದು ಸೈಮನ್ ವಿಂಚೆಸ್ಟರ್ 2011ರಲ್ಲಿ ಬರೆದ ಲೇಖನದಲ್ಲಿ ವಾದಿಸಿದ್ದರು. ನನಗೂ ಹಾಗೇ ತೋರುತ್ತದೆ.

ಹಾಗಾದರೆ ರನ್ನಿಗೆ ಕನ್ನಡದಲ್ಲಿ ನಿಜವಾದ ಜೊತೆಗಾರ ಯಾರು? ನನ್ನ ಮಟ್ಟಿಗೆ ಹೇಳುವುದಾದರೆ ಹರಿ. ಹಳಗನ್ನಡದಲ್ಲಿ ಇದು ಪರಿ. ಪಾಲು ಹಾಲಾದಂತೆ, ಪೂ ಹೂವಾದಂತೆ ಪರಿ ಹರಿಯಾಯಿತು. ಆ ಪರಿಗೂ ಓಡು ಮತ್ತು ಹರಿ ಎರಡೂ ಅರ್ಥ ಇದ್ದವು. ರಿನ್ನನ್ ಹೇಗೋ ಹಾಗೆ. ಇಂದಿನ ಬಳಕೆಯಲ್ಲಿ ಹರಿ ಎಲ್ಲೆಲ್ಲಿ ಬರುತ್ತದೆ ಎಣಿಸಿ: ಹೊಳೆ ಹರಿಯುತ್ತದೆ, ರಕ್ತ ಹರಿಯುತ್ತದೆ, ಹಾವು ಹರಿಯುತ್ತದೆ, ಮಾತು ಎತ್ತಲೋ ಹರಿಯುತ್ತದೆ, ಬೆಳಕು ಹರಿಯುತ್ತದೆ, ಒಂದು ವಿಷಯದ ಮೇಲೆ ಗಮನ ಹರಿಸುತ್ತೇವೆ. ನಮ್ಮ ಅಪರಾಧ ಸುದ್ದಿಯ ಪುಟದಲ್ಲಿ ‘ಲಾರಿ ಹರಿದು ಇಬ್ಬರ ಸಾವು’ ಎಂಬ ತಲೆಬರಹ ತಪ್ಪದು. ರನ್ ಓವರ್ ಎಂಬುದನ್ನು ಇದಕ್ಕಿಂತ ಸರಿಯಾಗಿ ಹೇಳಲು ಬಾರದು, ಮತ್ತು ಅದನ್ನು ಯಾರೂ ಇಂಗ್ಲಿಷಿನಿಂದ ತಂದದ್ದಲ್ಲ. ಇನ್ನೊಂದು ಸೊಗಸಿದೆ. ನೈಲಾನ್ ಕಾಲುಚೀಲದ ಒಂದು ಎಳೆ ಕಿತ್ತು ಉದ್ದಕ್ಕೆ ಸೀಳು ಬಿಟ್ಟರೆ ಅಮೆರಿಕದವರು ಅದನ್ನೂ ರನ್ ಅನ್ನುತ್ತಾರೆ. ನಮ್ಮಲ್ಲಿ ಬಟ್ಟೆ ಹರಿಯುತ್ತದೆ. ಈ ಹರಿ ಆ ಹರಿಯಿಂದ ಬೇರೆಯಾದ ಬೇರಿನದು ಎಂದು ಬಲ್ಲವರು ಎಣಿಸುತ್ತಾರೆ, ಆದ್ದರಿಂದ ಇದನ್ನು ಪುರಾವೆಯಾಗಿ ಮುಂದಿಡುವುದಿಲ್ಲ. ಆದರೂ ಕಿವಿಗೆ ಇಂಪು.

ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದು ಈ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲೂ ಇದ್ದು ಕನ್ನಡ ಕಲಿತವರು. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರದು, ಆಮೇಲೆ ಜಿ. ವೆಂಕಟಸುಬ್ಬಯ್ಯನವರು ಮುಂದೆ ನಿಂತು ಎಂಟು ಸಂಪುಟಗಳಲ್ಲಿ ಕಟ್ಟಿದ ಸಾಹಿತ್ಯ ಪರಿಷತ್ತಿನ ನಿಘಂಟು, ಇವೆರಡನ್ನೂ ಪಕ್ಕದಲ್ಲಿಟ್ಟುಕೊಂಡು ಹರಿ, ನಡೆ, ಹೊಡೆ, ಬೀಳು ಮುಂತಾದ ಸಣ್ಣ ಕ್ರಿಯಾಪದಗಳನ್ನು ಓದುವುದು ನನಗೆ ಇಷ್ಟದ ಕೆಲಸ. ದೊಡ್ಡ ಪದಗಳಲ್ಲಿ ಅಷ್ಟು ಜೀವ ಇರುವುದಿಲ್ಲ.

ನಡೆಯನ್ನೇ ತೆಗೆದುಕೊಳ್ಳಿ. ಇಂಗ್ಲಿಷರು ಯಾವುದನ್ನೆಲ್ಲ ಓಡಿಸುತ್ತಾರೋ ಅದರಲ್ಲಿ ಅರ್ಧವನ್ನು ನಾವು ನಡೆಸುತ್ತೇವೆ. ಶಾಲೆ, ಸಂಸಾರ, ಸರ್ಕಾರ, ಮಠ, ಸೊಸೈಟಿ, ಪತ್ರಿಕೆ. ‘ಅಂಗಡಿ ಹೆಂಗ ನಡದೈತಿ?’ ಎಂದು ಕೇಳುತ್ತೇವೆಯೇ ಹೊರತು ಹೆಂಗ ಓಡಲಿಕ್ಕತ್ತೈತಿ ಎಂದು ಕೇಳುವುದು ಅಪರೂಪ. ಓಡು ಬರುವುದು ಗಾಲಿ, ರೀಲು, ಮೋಟರು ಇರುವ ಕಡೆ. ಬಸ್ಸು ಓಡುತ್ತದೆ, ಹೊಲದ ಪಂಪ್‌ಸೆಟ್ಟು ಓಡುತ್ತದೆ, ಆಟೊ ಮೀಟರು ಓಡುತ್ತದೆ, ಸಿನಿಮಾ ಓಡುತ್ತದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅಲ್ಲಿ ಬೇರೆ ಕ್ರಿಯಾಪದ ಹಾಕಿದರೆ ಆ ಸಂಭ್ರಮವೇ ಹೋಗುತ್ತದೆ. ಯಂತ್ರಕ್ಕೆ ಓಟ, ಸಂಸ್ಥೆಗೆ ನಡಿಗೆ, ದ್ರವಕ್ಕೆ ಹರಿವು. ಗೆರೆ ಅಲ್ಲಲ್ಲಿ ಅಳಿಸಿದೆ, ಆದರೂ ಇದೆ. ಈಗ ಬರುವ ಅನುವಾದಗಳಲ್ಲಿ ಆಸ್ಪತ್ರೆಯನ್ನೂ ಟ್ರಸ್ಟನ್ನೂ ರನ್ ಮಾಡಲಾಗುತ್ತಿದೆ ಎಂದು ಓದಿದಾಗ ನನಗೆ ನಿಜವಾಗಿ ನೋವಾಗುತ್ತದೆ. ನಡೆಸು ಎಂಬ ಮೂರಕ್ಷರ ಅಲ್ಲೇ ಕೈಗೆ ಸಿಗುವಂತಿದೆ.

ಚುನಾವಣೆಯ ಸುದ್ದಿಗೆ ಬರೋಣ. ಅಮೆರಿಕದಲ್ಲಿ ಅಭ್ಯರ್ಥಿ ಹುದ್ದೆಗಾಗಿ ರನ್ ಮಾಡುತ್ತಾನೆ, ಬ್ರಿಟನ್ನಿನಲ್ಲಿ ಸ್ಟ್ಯಾಂಡ್ ಆಗುತ್ತಾನೆ. ನಮ್ಮಲ್ಲಿ ನಿಲ್ಲುತ್ತಾನೆ. ‘ಈ ಸಲ ನಿಮ್ಮ ವಾರ್ಡಿನ್ಯಾಗ ಯಾರು ನಿಂತಾರ್ರಿ?’ ಈ ಕಾರಣಕ್ಕೆ ಅಮೆರಿಕದ ರನ್ನಿಂಗ್ ಮೇಟ್ ಎಂಬ ಮಾತು ನಮ್ಮವರನ್ನು ಗೊಂದಲಕ್ಕೆ ತಳ್ಳುತ್ತದೆ. 2020ರಲ್ಲಿ ಜೋ ಬೈಡನ್ ಕಮಲಾ ಹ್ಯಾರಿಸ್ ಅವರನ್ನು ಆರಿಸಿಕೊಂಡ ಸುದ್ದಿಯಲ್ಲಿ ಅದು ಸಾಲುಸಾಲಿಗೂ ಬಂದಿತ್ತು. ಮೂಲದಲ್ಲಿ ಅದು ಕುದುರೆ ಜೂಜಿನ ಮಾತು. ಒಂದೇ ಲಾಯದ ಎರಡು ಕುದುರೆಗಳಲ್ಲಿ ಗೆಲ್ಲಬೇಕಾದ ಕುದುರೆಗೆ ವೇಗ ಹಿಡಿಸಲು ಜೊತೆಗೆ ಬಿಡುವ ಎರಡನೆಯದು. ಕನ್ನಡದಲ್ಲಿ ‘ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ’ ಅಂದರೆ ಮುಗಿಯಿತು. ರನ್ನರ್ ಅಪ್ ಕೂಡ ಇಂಥದೇ, ಬೇಟೆನಾಯಿಗಳ ಪಂದ್ಯದಿಂದ ಬಂದದ್ದು. ಕೊನೆಯ ಸುತ್ತಿನಲ್ಲಷ್ಟೇ ಸೋತ ನಾಯಿ. ಇವತ್ತು ಸೌಂದರ್ಯ ಸ್ಪರ್ಧೆಯಿಂದ ಹಳ್ಳಿಯ ಕಬಡ್ಡಿಯವರೆಗೆ ಎಲ್ಲ ಫಲಕಗಳ ಮೇಲೂ ಅದು ಕೂತಿದೆ.

ಕ್ರಿಕೆಟ್ಟಿನ ರನ್ನನ್ನು ಮಾತ್ರ ನಾವು ಮುಟ್ಟುವುದಿಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಸ್ಕೋರು ಬರೆಯುವವರು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕುತ್ತಿದ್ದರು, ಅದರಿಂದ ರನ್ನಿಗೆ ನಾಚ್ ಎಂಬ ಹೆಸರೇ ಇತ್ತು. ಆಮೇಲೆ ವಿಕೆಟ್ಟಿನ ನಡುವೆ ಓಡುವ ಕ್ರಿಯೆಯೇ ಲೆಕ್ಕದ ಹೆಸರಾಯಿತು. ಚೆಂಡು ಬೌಂಡರಿ ದಾಟಿದರೆ ಬ್ಯಾಟ್ಸ್‌ಮನ್ ಹೆಜ್ಜೆ ಎತ್ತದಿದ್ದರೂ ನಾಲ್ಕು ರನ್. 1975ರಲ್ಲಿ ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಗುಂಡಪ್ಪ ವಿಶ್ವನಾಥ್ ಔಟಾಗದೆ 97 ಹೊಡೆದ ಆಟವನ್ನು ‘97 ಓಟ’ ಎಂದು ಬರೆದರೆ ಅವರ ಊರು ಭದ್ರಾವತಿಯವರು ಒಪ್ಪುವುದಿಲ್ಲ, ಬೇರೆಯವರೂ ಒಪ್ಪುವುದಿಲ್ಲ. ರನ್ ಅಲ್ಲಿ ಕನ್ನಡವೇ ಆಗಿದೆ.

ಬ್ಯಾಂಕಿನ ರನ್ ಹಾಗಲ್ಲ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಓದುಗನ ದುಡ್ಡಿನ ಮಾತಿದೆ. ಬ್ಯಾಂಕು ಠೇವಣಿಯ ಹಣವನ್ನು ತಿಜೋರಿಯಲ್ಲಿ ಹಾಗೇ ಇಟ್ಟುಕೊಂಡು ಕೂರುವುದಿಲ್ಲ. ಸಾಲ ಕೊಡುತ್ತದೆ, ಬಾಂಡು ಕೊಳ್ಳುತ್ತದೆ, ಒಂದಿಷ್ಟನ್ನು ಮಾತ್ರ ನಗದಾಗಿ ಇಟ್ಟುಕೊಳ್ಳುತ್ತದೆ. ಬ್ಯಾಂಕು ಮುಳುಗುತ್ತದೆಂಬ ಸುದ್ದಿ ಹಬ್ಬಿ ಎಲ್ಲರೂ ಒಂದೇ ದಿನ ತಮ್ಮ ಹಣ ಕೇಳಿದರೆ, ಮುಳುಗಬೇಕಾಗಿರದ ಬ್ಯಾಂಕೂ ಮುಳುಗುತ್ತದೆ. ಇದು ಬ್ಯಾಂಕ್ ರನ್. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಬೀದಿಯುದ್ದ ಸಾಲು ನಿಂತಿತ್ತು. 1866ರಲ್ಲಿ ಓವರೆಂಡ್ ಗರ್ನಿ ಬ್ಯಾಂಕು ಮುರಿದುಬಿದ್ದ ಮೇಲೆ ಆ ದೇಶ ಅಂಥದ್ದನ್ನು ಕಂಡಿರಲಿಲ್ಲ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಠೇವಣಿದಾರರು ಕೋರಿಕೆ ಸಲ್ಲಿಸಿದರು. ಮರುದಿನ ನಿಯಂತ್ರಕರು ಬ್ಯಾಂಕಿನ ಬಾಗಿಲು ಹಾಕಿಸಿದರು. ಅಷ್ಟು ದೊಡ್ಡ ರನ್ನಿನ ಬಹುಪಾಲು ನಡೆದದ್ದು ಫೋನು, ಕಂಪ್ಯೂಟರಿನ ಮೂಲಕ. ಬೀದಿಗೆ ಬಂದು ನಿಂತವರು ಕಡಿಮೆ.

ನಮ್ಮ ಡೆಸ್ಕಿನ ಹುಡುಗಿಯೊಬ್ಬಳು ಆ ರಾತ್ರಿ ಬರೆದದ್ದು ‘ಬ್ಯಾಂಕಿಗೆ ಓಡಿದ ಗ್ರಾಹಕರು’.

‘ಯಾರರೆ ಓಡ್ಯಾರೇನವಾ?’ ಎಂದೆ.

‘ಇಲ್ರೀ ಮೇಡಂ, ಎಲ್ಲಾರೂ ಮನ್ಯಾಗ ಕುಂತು ತಗದಾರ.’

‘ಹಂಗಾರ ನಮ್ಮ ಕಡೆ ಇಂಥಾದ್ದಕ್ಕ ಏನಂತಾರ? ಪುಕ್ಕಟೆ ಸೀರಿ ಕೊಡ್ತಾರಂದ್ರ ಜನ ಏನ್ ಮಾಡ್ತಾರ?’

‘ಮುಗಿಬೀಳ್ತಾರ.’

ಮುಗಿಬೀಳು. ಗುಂಪು, ಆತುರ, ನನಗೆ ಸಿಗದೆ ಹೋದೀತೆಂಬ ಭಯ, ಮೂರೂ ಆ ಒಂದು ಮಾತಿನಲ್ಲಿವೆ, ಕಾಲಿನ ಹಂಗೂ ಇಲ್ಲ. ‘ಹಣ ಹಿಂಪಡೆಯಲು ಮುಗಿಬಿದ್ದ ಠೇವಣಿದಾರರು’ ಎಂದು ಪುಟ ಹೋಯಿತು. ನಿಘಂಟಿನಲ್ಲಿ ರನ್ ಕೆಳಗೆ ಮುಗಿಬೀಳು ಹುಡುಕಿದರೆ ಸಿಗುವುದು ಕಷ್ಟ. ಆ ಹುಡುಗಿಯ ಬಾಯಲ್ಲಿತ್ತು.

ಈಗ ಡೆಸ್ಕು ಬಿಟ್ಟು ಪೇಟೆಗೆ ಬನ್ನಿ. ರನ್ನಿನ ಮರ್ಮವನ್ನು ನಮ್ಮ ಪೇಟೆಯ ಜನ ಹಿಡಿದಷ್ಟು ಚೆನ್ನಾಗಿ ಇಂಗ್ಲಿಷ್ ಓದಿದ ನಾವು ಹಿಡಿದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಸೀರೆ ಅಂಗಡಿಯಲ್ಲಿ ಕೂತರೆ ಮೊದಲ ಹತ್ತು ನಿಮಿಷದಲ್ಲೇ ಕಿವಿಗೆ ಬೀಳುತ್ತದೆ: ‘ಅಕ್ಕಾರ, ಇದಕ್ಕ ರನ್ನಿಂಗ್ ಬ್ಲೌಸ್ ಐತ್ರಿ, ಅದಕ್ಕ ಕಾಂಟ್ರಾಸ್ಟ್ ಬರ್ತೈತಿ.’ ರನ್ನಿಂಗ್ ಬ್ಲೌಸ್ ಅಂದರೆ ಸೀರೆಯ ಬಟ್ಟೆಯೇ ಮುಂದುವರಿದು, ಅದೇ ಬಣ್ಣ ಅದೇ ನೇಯ್ಗೆಯಲ್ಲಿ ಕೊನೆಗೆ ಬಿಟ್ಟಿರುವ ರವಿಕೆಯ ತುಂಡು. ಕತ್ತರಿ ಹಾಕುವ ತನಕ ಅದು ಸೀರೆಯೇ. ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೂಡಿಸುವವರು, ಅಂಚಿನ ಪಟ್ಟಿ ಹೊಡೆಯುವ ಬಡಿಗರು, ಕಂಪೌಂಡಿನ ಗ್ರಿಲ್ಲು ಮಾಡುವವರು ರೇಟು ಹೇಳುವಾಗ ಎರಡು ಲೆಕ್ಕ ಹೇಳುತ್ತಾರೆ: ಸ್ಕ್ವೇರ್ ಫೂಟ್ ಮತ್ತು ರನ್ನಿಂಗ್ ಫೂಟ್. ಮೊದಲನೆಯದು ಉದ್ದ-ಅಗಲದ ಗುಣಾಕಾರ. ಎರಡನೆಯದರಲ್ಲಿ ಅಗಲ ಮೊದಲೇ ಗೊತ್ತುಮಾಡಿದ್ದು, ಟೇಪು ಎಷ್ಟು ಉದ್ದ ಸಾಗುತ್ತದೋ ಅಷ್ಟಕ್ಕೆ ದುಡ್ಡು. ಮನೆ ಕಟ್ಟಿಸುವವರು ಈ ಎರಡನ್ನು ಬೇರೆಬೇರೆಯಾಗಿ ಬರೆಸಿಕೊಳ್ಳದಿದ್ದರೆ ಕೊನೆಗೆ ಲೆಕ್ಕ ಹೊಂದುವುದಿಲ್ಲ.

ಗುತ್ತಿಗೆದಾರರದು ಇನ್ನೊಂದು. ಸರ್ಕಾರಿ ಕಾಮಗಾರಿ ಮುಗಿಯುವವರೆಗೆ ಕಾಯದೆ, ಆದಷ್ಟು ಕೆಲಸದ ಅಳತೆ ಬರೆದು ನಡುನಡುವೆ ಪಡೆಯುವ ಬಿಲ್ಲಿಗೆ ರನ್ನಿಂಗ್ ಬಿಲ್ ಎನ್ನುತ್ತಾರೆ. ಖಾತೆ ಮುಚ್ಚಿಲ್ಲ, ಕೆಲಸ ಸಾಗಿದೆ, ಲೆಕ್ಕವೂ ಅದರ ಜೊತೆ ಸಾಗಿದೆ ಎಂದರ್ಥ. ಕಡೆಗೆ ಬರುವುದು ಫೈನಲ್ ಬಿಲ್. ‘ಎರಡು ರನ್ನಿಂಗ್ ಬಿಲ್ ಆಗ್ಯಾವ, ಫೈನಲ್ ಬಾಕಿ ಐತಿ’ ಎಂದು ಲೋಕೋಪಯೋಗಿ ಇಲಾಖೆಯ ಮೆಟ್ಟಿಲ ಮೇಲೆ ನಿಂತವರು ಹೇಳುವಾಗ ಆ ಪದದ ಅರ್ಥ ಯಾರೂ ಅವರಿಗೆ ಕಲಿಸಿರುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ‘ಇದು ರನ್ನಿಂಗ್ ಐಟಂ’ ಅಂದರೆ ಕಪಾಟಿನಲ್ಲಿ ಧೂಳು ಹಿಡಿಯದೆ ಬಂದಹಾಗೇ ಹೋಗುತ್ತಿರುವ ಸರಕು. ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ್ದನ್ನು ತಡೆಯದೆ ಬರೆದುಕೊಂಡದ್ದು ರನ್ನಿಂಗ್ ನೋಟ್ಸ್. ಇವುಗಳಲ್ಲಿ ಒಂದರಲ್ಲೂ ವೇಗದ ಮಾತಿಲ್ಲ, ಎಲ್ಲದರಲ್ಲೂ ತುಂಡಾಗದೆ ಮುಂದುವರಿಯುವ ಮಾತಿದೆ. ರಿನ್ನನ್ ಎಂಬ ಹಳೆಯ ಪದದ ಆ ನೀರಿನ ಅರ್ಥ ಎಲ್ಲಿಂದ ಎಲ್ಲಿಗೆ ಬಂದು ಗಟ್ಟಿಯಾಗಿ ಕೂತಿದೆ!

ಹೊಲಿಗೆಯಲ್ಲೂ ಈ ಪದ ಇದೆ, ಅದು ನಮ್ಮ ಧಾರವಾಡದ ಕಸೂತಿಗೂ ತಾಗುತ್ತದೆ. ನಮ್ಮವ್ವ ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುತ್ತಿರಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಕೊಂಡೇ ಗೋಪುರ, ಆನೆ, ತುಳಸಿಕಟ್ಟೆ ಎಬ್ಬಿಸಬೇಕು. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಸೂಜಿ ಮೊದಲು ಒಂದು ದಿಕ್ಕಿಗೆ ಹೋಗುತ್ತದೆ. ಒಂದು ಟಾಕು ಬಟ್ಟೆಯ ಮೇಲೆ, ಅಷ್ಟೇ ಅಳತೆಯ ಇನ್ನೊಂದು ಬಟ್ಟೆಯ ಕೆಳಗೆ. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ; ಹೋಗುವಾಗ ಖಾಲಿ ಬಿಟ್ಟ ಜಾಗಗಳನ್ನೆಲ್ಲ ಬರುವಾಗ ತುಂಬುತ್ತದೆ. ಮುಗಿದ ಮೇಲೆ ಸೆರಗನ್ನು ಯಾವ ಮಗ್ಗುಲಿಗೆ ತಿರುವಿ ಹಾಕಿದರೂ ಒಂದೇ ಚಿತ್ತಾರ, ಗಂಟು ಎಲ್ಲೂ ಕಾಣಬಾರದು. ಎಳೆ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಅವ್ವ ತಲೆ ಎತ್ತದೆ ಕೈ ಮಾತ್ರ ಅಡ್ಡ ಹಿಡಿಯುತ್ತಿದ್ದಳು.

ಈ ಗವಂತಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಇರುವ ಹೆಸರು ಡಬಲ್ ರನ್ನಿಂಗ್ ಸ್ಟಿಚ್. ಎಂಟನೇ ಹೆನ್ರಿಯ ಆಸ್ಥಾನದವರ ಭಾವಚಿತ್ರ ಬರೆದ ಹಾನ್ಸ್ ಹೋಲ್ಬೈನ್ ಅವರ ಚಿತ್ರಗಳಲ್ಲಿ ಅಂಗಿಯ ಕಾಲರು, ತೋಳಂಚುಗಳ ಮೇಲೆ ಇದೇ ಹೊಲಿಗೆ ಎದ್ದು ಕಾಣುವುದರಿಂದ ಹೋಲ್ಬೈನ್ ಸ್ಟಿಚ್ ಎಂಬ ಹೆಸರೂ ಇದೆ. ಎರಡು ಸಲ ಸಾಗಿದ್ದಕ್ಕೆ ಡಬಲ್, ಕೊಂಡಿ ಹಾಕದೆ ಎಳೆ ಮುಂದೆ ಮುಂದೆ ಹೋದದ್ದಕ್ಕೆ ರನ್ನಿಂಗ್. ಕಸೂತಿಯ ಬಗ್ಗೆ ಬಂದ ಒಂದು ಇಂಗ್ಲಿಷ್ ಬರಹವನ್ನು ನಮ್ಮ ಪುರವಣಿಗೆ ಅನುವಾದಿಸುವಾಗ ಅದನ್ನು ‘ಜೋಡಿ ಓಟದ ಹೊಲಿಗೆ’ ಎಂದು ಯಾರೋ ಬರೆದು ತಂದಿದ್ದರು. ಧಾರವಾಡದ ಕಲೆಗೆ ಧಾರವಾಡದ ಹೆಸರಿರುವಾಗ ಇಂಗ್ಲಿಷಿನ ಸುತ್ತುದಾರಿ ಹಿಡಿದು ಹೀಗೆ ವಾಪಸು ತರುವುದು ಆ ಕೈಗಳಿಗೆ ಮಾಡುವ ಅನ್ಯಾಯ. ಗವಂತಿ ಎಂದೇ ಅಚ್ಚಾಯಿತು. ನೇಗಿಯೂ ಇಂಗ್ಲಿಷಿನ ಲೆಕ್ಕದಲ್ಲಿ ರನ್ನಿಂಗ್ ಸ್ಟಿಚ್ಚೇ. ಅವ್ವನ ಲೆಕ್ಕದಲ್ಲಿ ಅದು ನೇಯ್ದಂತೆ ಕಾಣುವ ಹೊಲಿಗೆ.

ಇನ್ನೊಂದು ಉಳಿದಿದೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ರನ್ನಿಂಗ್ ವಾಟರ್. ಅಭಿವೃದ್ಧಿಯ ವರದಿಗಳಲ್ಲಿ, ಪ್ರವಾಹ-ಬರಗಾಲದ ಸುದ್ದಿಗಳಲ್ಲಿ, ನಿರಾಶ್ರಿತರ ಶಿಬಿರದ ವರ್ಣನೆಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: ಇಷ್ಟು ಮನೆಗಳಲ್ಲಿ ರನ್ನಿಂಗ್ ವಾಟರ್ ಇಲ್ಲ. ಕನ್ನಡಕ್ಕೆ ತರುವವರು ಸಾಮಾನ್ಯವಾಗಿ ‘ನಲ್ಲಿ ಸಂಪರ್ಕ ಇಲ್ಲದ ಮನೆಗಳು’ ಎಂದು ಬರೆಯುತ್ತಾರೆ. ಓದಲು ಸರಾಗ, ಅರ್ಥದಲ್ಲಿ ತಪ್ಪು. ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ ನೀರು ಬರುತ್ತದೆ. 2008ರಲ್ಲಿ ಇಲ್ಲಿಯ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಬಿಡುವ ಪ್ರಯೋಗ ಶುರುವಾಯಿತು, ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡುಗಳಲ್ಲೂ. ದೇಶದ ಬೇರೆ ಊರುಗಳವರು ಬಂದು ನೋಡಿಕೊಂಡು ಹೋದರು. ಆ ವಾರ್ಡಿನ ಆಚೆಯ ಓಣಿಯಲ್ಲಿದ್ದವರಿಗೂ ನಲ್ಲಿ ಇತ್ತು. ನೀರು ಬರುತ್ತಿದ್ದದ್ದು ಮಾತ್ರ ದಿನಗಟ್ಟಲೆ ಬಿಟ್ಟು. ನಲ್ಲಿ ಸಂಪರ್ಕದ ಲೆಕ್ಕದಲ್ಲಿ ಎರಡೂ ಮನೆ ಒಂದೇ. ರನ್ನಿಂಗ್ ವಾಟರ್ ಲೆಕ್ಕದಲ್ಲಿ ಅಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನವರು ಬರೀ ಕೊಳಾಯಿ ಎನ್ನದೆ ‘ಕಾರ್ಯನಿರತ’ ಎಂಬ ವಿಶೇಷಣ ಸೇರಿಸಿಕೊಂಡದ್ದೂ ಈ ವ್ಯತ್ಯಾಸಕ್ಕಾಗಿಯೇ. ಕೊಳಾಯಿ ನೆಟ್ಟರೆ ಸಾಲದು, ಅದರಲ್ಲಿ ನೀರು ಹರಿಯಬೇಕು.

ಮೊನ್ನೆ ಅಂಥದೇ ಒಂದು ವರದಿ ಬಂದಾಗ ಪಾಳಿಯಲ್ಲಿದ್ದ ಹುಡುಗ ‘ನಲ್ಲಿ ಇಲ್ಲದವರು’ ಎಂದು ಬರೆದ. ಅವನೂ ಹುಬ್ಬಳ್ಳಿಯವನೇ.

‘ನಿಮ್ಮ ಓಣ್ಯಾಗ ನೀರು ಬಂದಾಗ ಮಂದಿ ಏನಂತ ಕೂಗ್ತಾರಪಾ?’

‘ನಳಾ ಬಂದಾವು ಅಂತಾರ್ರೀ.’

ಗೋಡೆಗೆ ಕೂತ ನಳ ಎಲ್ಲಿಂದಲೂ ಬರುವುದಿಲ್ಲ, ಬರುವುದು ನೀರು. ಆದರೂ ಈ ಊರಿನಲ್ಲಿ ನಳ ಅಂದರೆ ಹರಿಯುವ ನೀರೇ; ಹರಿಯದಿದ್ದರೆ ಅದು ನಳವೇ ಅಲ್ಲ. ಅವನಿಗೆ ಇನ್ನು ಹೇಳಬೇಕಾದದ್ದು ಇರಲಿಲ್ಲ. ‘ನಲ್ಲಿಯಲ್ಲಿ ನೀರು ಹರಿಯದ ಮನೆಗಳು’ ಎಂದು ತಿದ್ದಿದ. ನಲ್ಲಿಯೇ ಇಲ್ಲದವರು, ಇದ್ದೂ ಒಣಗಿದವರು, ಇಬ್ಬರೂ ಅದರೊಳಗೆ ಬಂದರು. ಎರಡು ಕಾಲಮಿನ ತಲೆಬರಹಕ್ಕೆ ಒಂದು ಪದ ಹೆಚ್ಚಾಗುತ್ತಿತ್ತು. ಅಕ್ಷರದ ಗಾತ್ರ ಸ್ವಲ್ಪ ಇಳಿಸಿ ಪುಟ ಕಳಿಸಿದೆವು.